‘ಆ ಮಾತ್ರೆಯೂ ಡ್ರಗ್ಸೇ ಅಲ್ವಾ ಮೇಡಂ?’

ಪ್ರಶ್ನೆ: ಮಗನಿಗೆ 19 ವರ್ಷ. ಮಂಗಳೂರಿನಲ್ಲಿ ಹಾಸ್ಟೆಲಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾನೆ. ಸಿಗರೇಟು ಪಿಯುಸಿಯಿಂದಲೇ ಇತ್ತಂತೆ. ಮೂರು ತಿಂಗಳ ಹಿಂದೆ ಬ್ಯಾಗಿನಲ್ಲಿ ಗಾಂಜಾ ಸಿಕ್ಕಿತು. ಈಗ ಎರಡು ತಿಂಗಳಿಂದ ಮುಟ್ಟಿಲ್ಲ. ಡಾಕ್ಟರು ಪರೀಕ್ಷಿಸಿ, ಚಿಕ್ಕಂದಿನಿಂದಲೇ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ) ಇದೆ ಎಂದು ಹೇಳಿ, ಅದಕ್ಕೆ ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಬರೆದುಕೊಟ್ಟಿದ್ದಾರೆ. ಮೆಡಿಕಲ್‌ನವರು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ಪ್ರತಿ ಅಲ್ಲೇ ಇಟ್ಟುಕೊಂಡರು. ನನ್ನ ಭಾವ ‘ಅದೂ ಡ್ರಗ್ಸೇ, ಕೊಡಬೇಡಿ’ ಎನ್ನುತ್ತಾರೆ. ಏನು ಮಾಡಲಿ? — ಬ್ರಹ್ಮಾವರದ ಒಬ್ಬ ತಾಯಿ

ಮೊದಲು ಆ ಮೆಡಿಕಲ್ ಶಾಪಿನ ವಿಷಯ ಮುಗಿಸುವ, ಯಾಕೆಂದರೆ ಭಯ ಹುಟ್ಟಿದ್ದೇ ಅಲ್ಲಿ. ಈ ಔಷಧ ನಮ್ಮ ದೇಶದ ನಿಯಮದಲ್ಲಿ ‘ಷೆಡ್ಯೂಲ್ ಎಕ್ಸ್’ ಎಂಬ, ಬಿಗಿ ನಿಗಾ ಇರುವ ಔಷಧಗಳ ಪಟ್ಟಿಗೆ ಸೇರಿದ್ದು. ಡಾಕ್ಟರು ಎರಡು ಪ್ರತಿ ಬರೆಯಬೇಕು, ಅಂಗಡಿಯವರು ಒಂದನ್ನು 2 ವರ್ಷ ಜೋಪಾನವಾಗಿಡಬೇಕು. ಅವರು ನಿಮ್ಮ ಮಗನನ್ನು ಅನುಮಾನಿಸಿದ್ದಲ್ಲ, ತಮ್ಮ ಲೈಸೆನ್ಸ್ ನೋಡಿಕೊಂಡದ್ದು. ಹಾಗಂತ ನಿಮ್ಮ ಭಾವ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಮದ್ದನ್ನು ಕಾವಲಿನಲ್ಲಿಡಲು ಕಾರಣ ಉಂಟು, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಮಾತ್ರೆ ಬರೆಯುವವಳಲ್ಲ. ವ್ಯಸನಮುಕ್ತಿ ವಿಭಾಗದಲ್ಲಿ ಆಪ್ತಸಮಾಲೋಚಕಿ. ಹಾಗಾಗಿ ನನ್ನ ಮುಂದೆ ಕೂರುವವರು ಹೆಚ್ಚಾಗಿ ಈ ಕಥೆಯ ಇನ್ನೊಂದು ತುದಿಯವರು. ಹುಡುಗನಾಗಿದ್ದಾಗ ಯಾರೂ ಗುರುತಿಸದೆ, ಮೂವತ್ತು ದಾಟಿದ ಮೇಲೆ ಬಾಟಲಿಯೊಂದಿಗೆ ಬಂದವರು.

ಅವರಲ್ಲಿ ಒಬ್ಬ ಉಡುಪಿ–ಮಂಗಳೂರು ರೂಟಿನ ಖಾಸಗಿ ಬಸ್ಸಿನ ಕಂಡಕ್ಟರ್. ಒಂದು ಕಾಲು ಫುಟ್‌ಬೋರ್ಡಿನಲ್ಲಿ, ಬಾಯಲ್ಲಿ ‘ಕಾಪು, ಪಡುಬಿದ್ರಿ, ಮುಲ್ಕಿ, ಸುರತ್ಕಲ್’. ಹಗಲಿಡೀ ಆ ಓಡಾಟದಲ್ಲಿ ಅವನನ್ನು ಮೀರಿಸುವವರಿಲ್ಲ. ಚಿಲ್ಲರೆ ಬಾಕಿಯನ್ನು ತಪ್ಪದೆ ಟಿಕೆಟಿನ ಹಿಂದೆ ಬರೆದುಕೊಡುತ್ತಿದ್ದ, ಬರೆಯದಿದ್ದರೆ ಮರೆತುಹೋಗುತ್ತದೆಂದು ಅವನಿಗೇ ಗೊತ್ತು. ತೊಂದರೆ ಇದ್ದದ್ದು ರಾತ್ರಿ, ಕಲೆಕ್ಷನ್ ಲೆಕ್ಕ ಒಪ್ಪಿಸುವ ಇಪ್ಪತ್ತು ನಿಮಿಷ. ಕೂರಲಾಗದು, ಎಣಿಸಿದ್ದು ತಪ್ಪುತ್ತದೆ, ಕಡಿಮೆ ಬಿದ್ದದ್ದನ್ನು ಕೈಯಿಂದ ಹಾಕಬೇಕು. ಅಲ್ಲಿಂದ ನೇರ ಬಾರ್. ‘ಒಂದು ಕ್ವಾರ್ಟರ್ ಒಳಗೆ ಹೋದ್ರೆ ತಲೆಯೊಳಗಿನ ಬಸ್‌ಸ್ಟ್ಯಾಂಡ್ ಬಂದ್ ಆಗ್ತದೆ ಮೇಡಂ’ ಎಂದಿದ್ದ. ಇಷ್ಟು ಚೆನ್ನಾಗಿ ನಾನು ಯಾವ ತರಬೇತಿಯಲ್ಲೂ ಕೇಳಿಲ್ಲ.

ಅವನು ಎರಡು ಸಲ ಎಂಟು ದಿನದ ಮದ್ಯವರ್ಜನ ಶಿಬಿರ ಮುಗಿಸಿದವನು. ಶಿಬಿರದಲ್ಲಿ ಬಹಳ ಚೆನ್ನಾಗಿದ್ದ. ಇರದೆ ಏನು? ಏಳುವ ಹೊತ್ತು, ಉಣ್ಣುವ ಹೊತ್ತು, ಭಜನೆಯ ಹೊತ್ತು ಎಲ್ಲವನ್ನೂ ಬೇರೆಯವರು ಹಿಡಿದುಕೊಂಡಿದ್ದರು. ಮನೆಗೆ ಬಂದ ಮೇಲೆ ಹಿಡಿಯಬೇಕಾದವನು ಅವನೇ, ಅಲ್ಲೇ ಜಾರಿದ. ಊರಿನವರು ‘ಮನಸ್ಸು ಗಟ್ಟಿ ಇಲ್ಲ’ ಎಂದರು.

ಅವನ ತಾಯಿ ಹಳೆಯ ಟ್ರಂಕಿನಿಂದ ನಾಲ್ಕನೇ ಕ್ಲಾಸಿನ ಪ್ರಗತಿ ಪತ್ರ ತಂದರು. ಮೂಲೆಯಲ್ಲಿ ಕೆಂಪು ಶಾಯಿ: ‘ಚುರುಕಾಗಿದ್ದಾನೆ. ಕೂತಲ್ಲಿ ಕೂರುವುದಿಲ್ಲ. ಈ ಮಳೆಗಾಲದಲ್ಲಿ ಮೂರನೇ ಕೊಡೆ ಕಳೆದಿದ್ದಾನೆ.’ ಡಾಕ್ಟರಿಗೆ ಬೇಕಾದದ್ದು ಇದೇ. ಕುಡಿತ ಬಿಟ್ಟ ಹೊಸತರಲ್ಲಿ, ಗಾಂಜಾ ನಿಲ್ಲಿಸಿದಾಗ, ನಿದ್ದೆ ಕೆಟ್ಟಾಗ ಯಾರಿಗಾದರೂ ಗಮನ ನಿಲ್ಲುವುದಿಲ್ಲ, ಸಿಡುಕು ಬರುತ್ತದೆ. ಅದನ್ನೆಲ್ಲ ಎಡಿಎಚ್‌ಡಿ ಎನ್ನಲಾಗದು. ಲಕ್ಷಣಗಳು 12 ವರ್ಷದೊಳಗೇ ಕಂಡಿರಬೇಕು, ಶಾಲೆ, ಮನೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಂಡಿರಬೇಕು. ಹುಡುಗಿಯರಲ್ಲಿ ಓಡಾಟ ಕಡಿಮೆ, ಕಿಟಕಿ ನೋಡುತ್ತ ಕೂರುವುದು ಹೆಚ್ಚು. ಆದ್ದರಿಂದ ಅವರದ್ದು ಇನ್ನೂ ತಡವಾಗಿ ಗೊತ್ತಾಗುತ್ತದೆ.

‘ಗಮನದ ಕೊರತೆ’ ಎಂಬ ಅನುವಾದ ನನಗೆ ಅಷ್ಟು ಹಿಡಿಸುವುದಿಲ್ಲ. ಗಮನ ಬೇಕಾದಷ್ಟಿರುತ್ತದೆ, ಬೇಕಾದ ಕಡೆ ನಿಲ್ಲುವುದಿಲ್ಲ. ಬೆಳಗಿನವರೆಗೆ ಕಣ್ಣು ಮಿಟುಕಿಸದೆ ಆಟ ನೋಡಿದ ಹುಡುಗ ಅರ್ಧ ಪುಟ ನೋಟ್ಸ್ ಬರೆಯಲಾರ. ಮಿದುಳಿನಲ್ಲಿ ‘ಇದು ಮಾಡಲು ತಕ್ಕದ್ದು’ ಎಂಬ ಹುರುಪು ಕೊಡುವ ಡೋಪಮಿನ್ ಎಂಬ ರಾಸಾಯನಿಕದ ವ್ಯವಸ್ಥೆಯ ಲಯ ಇವರಲ್ಲಿ ಬೇರೆ. ಆರು ತಿಂಗಳ ನಂತರದ ರಿಸಲ್ಟಿಗಿಂತ ಈ ಕ್ಷಣದ ಸಿಗರೇಟು ಎಳೆಯುತ್ತದೆ. ಹಿಂದೆಮುಂದೆ ನೋಡದೆ ‘ಒಂದು ದಮ್’ ಎಳೆದು ನೋಡುವ ಸ್ವಭಾವವೂ ಜೊತೆಗಿದೆ. ಇದರ ಮೇಲೆ ಹತ್ತು ಹನ್ನೆರಡು ವರ್ಷ ‘ಪೋಕ್ರಿ’, ‘ಉಡಾಳ’ ಎಂದು ಕೇಳಿಸಿಕೊಂಡದ್ದು. ಹಾಗೆ ಅನ್ನದೆ ಪಕ್ಕ ಕೂರಿಸಿಕೊಳ್ಳುವ ಗುಂಪು ಯಾವುದು ಎಂದು ನಾನು ಹೇಳಬೇಕಿಲ್ಲ.

ಲೆಕ್ಕವೂ ಅದನ್ನೇ ಹೇಳುತ್ತದೆ. ಮಕ್ಕಳಲ್ಲಿ ನೂರಕ್ಕೆ ಸುಮಾರು 5, ದೊಡ್ಡವರಲ್ಲಿ 2–3 ಮಂದಿಗೆ ಎಡಿಎಚ್‌ಡಿ ಇರುತ್ತದೆ. ವ್ಯಸನ ಇರುವವರನ್ನೇ ತೆಗೆದುಕೊಂಡರೆ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು 2012ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಇದು ನೂರಕ್ಕೆ 23.

ಇನ್ನು ಮಾತ್ರೆ. ಬೀಡಿ ಎಳೆದರೆ ನಿಕೋಟಿನ್ ಮಿದುಳು ಮುಟ್ಟಲು 10–20 ಸೆಕೆಂಡು ಸಾಕು. ಮೀಥೈಲ್‌ಫೆನಿಡೇಟ್ ಕೂಡ ಡೋಪಮಿನ್ ಮೇಲೆಯೇ ಕೆಲಸ ಮಾಡುತ್ತದೆ, ಆದರೆ ನುಂಗಿದ ಮಾತ್ರೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಚಟ ಹಿಡಿಸುವುದರಲ್ಲಿ ಆ ಥಟ್ಟನೆ ಏರುವ ಹೊಡೆತದ ಪಾತ್ರ ದೊಡ್ಡದು. ಮಾತ್ರೆಯನ್ನು ಪುಡಿ ಮಾಡಿ ಮೂಗಿಗೆ ಏರಿಸಿದರೆ ಅದೇ ಮದ್ದು ಬೇರೆಯೇ ವಸ್ತುವಾಗುತ್ತದೆ. ನಿಮ್ಮ ಭಾವನ ಮಾತಿನಲ್ಲಿ ಸತ್ಯ ಇರುವುದು ಇಷ್ಟರಲ್ಲಿ.

ಚಿಕ್ಕಂದಿನಲ್ಲಿ ಈ ಮದ್ದು ತೆಗೆದುಕೊಂಡವರು ದೊಡ್ಡವರಾದ ಮೇಲೆ ವ್ಯಸನಿಗಳಾಗುತ್ತಾರಾ ಎಂಬುದನ್ನೂ ನೋಡಿದ್ದಾರೆ. 2013ರಲ್ಲಿ 15 ದೀರ್ಘಾವಧಿ ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಮದ್ದು ತೆಗೆದುಕೊಂಡದ್ದರಿಂದ ಅಪಾಯ ಹೆಚ್ಚಿದ್ದು ಕಂಡಿಲ್ಲ. ಮದ್ದಿನಿಂದ ವ್ಯಸನ ಕಡಿಮೆಯಾದದ್ದೂ ಅದರಲ್ಲಿ ಕಂಡಿಲ್ಲ. ಸ್ವೀಡನ್ನಿನ ದೊಡ್ಡ ದಾಖಲೆಗಳಲ್ಲಿ ಮಾತ್ರ ಮದ್ದಿನಲ್ಲಿದ್ದವರಿಗೆ ವ್ಯಸನದ ತೊಂದರೆ ಕಡಿಮೆ ಇತ್ತು. ಮಾತ್ರೆಯೊಂದರಿಂದಲೇ ಗಾಂಜಾ ಬಿಟ್ಟುಹೋಗುತ್ತದೆ ಎಂದು ನಂಬಿ ಕೂರಬೇಡಿ. ಸಮಾಲೋಚನೆ, ದಿನಚರಿ ಎರಡೂ ಬೇಕು.

ಹಾಗಾದರೆ ಮಾಡುವುದೇನು? ತಿಂಗಳ ಸ್ಟ್ರಿಪ್ ಪೂರ್ತಿ ಹಾಸ್ಟೆಲಿಗೆ ಕಳಿಸಬೇಡಿ. ವಾರಕ್ಕಾಗುವಷ್ಟು ಕೊಟ್ಟು ಉಳಿದದ್ದು ನಿಮ್ಮ ಕಪಾಟಿನಲ್ಲಿರಲಿ. ಪರೀಕ್ಷೆಯ ಹಿಂದಿನ ರಾತ್ರಿ ‘ಒಂದು ಕೊಡಾ ಮಾರಾಯ’ ಎನ್ನುವ ರೂಮ್‌ಮೇಟ್ ಬಂದೇ ಬರುತ್ತಾನೆ, ಮಗನಿಗೆ ಮೊದಲೇ ಹೇಳಿಡಿ. ಬೆಳಿಗ್ಗೆ ಒಂದೇ ಸಲ ನುಂಗುವ, ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವ ಬಗೆಯದ್ದು ಆದೀತೇ ಎಂದು ಡಾಕ್ಟರಲ್ಲಿ ಕೇಳಿ. ಹಸಿವು, ನಿದ್ದೆ, ಬಿಪಿ, ನಾಡಿ ನೋಡುತ್ತಿರಬೇಕು. ಮತ್ತೆ ಗಾಂಜಾ ಎಳೆದರೆ ಮುಚ್ಚಿಡದೆ ಹೇಳಬೇಕು, ಆಗ ಆಟೊಮಾಕ್ಸೆಟಿನ್ ಎಂಬ ಬೇರೆ ಬಗೆಯ ಮದ್ದಿಗೆ ಬದಲಿಸಬಹುದು. ಅದರಲ್ಲಿ ಚಟದ ಭಯವಿಲ್ಲ, ಆದರೆ ಪೂರ್ತಿ ಗುಣ ಕಾಣಲು ಕೆಲವು ವಾರ ಕಾಯಬೇಕು. ನಮ್ಮ ಕಂಡಕ್ಟರ್ ತೆಗೆದುಕೊಳ್ಳುವುದು ಅದನ್ನೇ. ಏಳು ತಿಂಗಳಾಯಿತು, ನಡುವೆ ಒಂದು ಸಲ ಜಾರಿದ್ದ. ಈಗ ರಾತ್ರಿ ಲೆಕ್ಕಕ್ಕೆ ಡ್ರೈವರ್ ಪಕ್ಕದಲ್ಲಿ ಕೂರುತ್ತಾನಂತೆ.

ಪೊಲೀಸ್ ಭಯದಿಂದ ಸತ್ಯ ಮುಚ್ಚಿಡುವ ಮನೆಗಳನ್ನು ಬಹಳ ನೋಡಿದ್ದೇನೆ. ಚಿಕಿತ್ಸೆಗೆ ಬಂದವರ ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ಹಕ್ಕು. ಸ್ವಂತ ಬಳಕೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಬಂದು ಪೂರೈಸುವವರಿಗೆ ಮಾದಕವಸ್ತುಗಳ ಕುರಿತಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ರಾತ್ರಿ ಹೊತ್ತು ಮಾತಾಡಬೇಕೆನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ‘ಟೆಲಿ ಮಾನಸ್’ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಭಾವನನ್ನೂ ಕರೆದುಕೊಂಡು ಹೋಗಿ, ಅವರ ಪ್ರಶ್ನೆ ಅವರೇ ಕೇಳಲಿ. ಹಳೆಯ ಮಾರ್ಕ್ಸ್ ಕಾರ್ಡ್‌ಗಳಿದ್ದರೆ ಅವೂ ಚೀಲದಲ್ಲಿರಲಿ.