ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದೆ, ಸರಿ. ಗಾಳಿ ಎಲ್ಲಿಂದ ಬರಬೇಕು?

ಬಳ್ಳಾರಿಯ ಸಣ್ಣ ಜೀನ್ಸ್ ಯೂನಿಟ್‌ನಲ್ಲಿ ಇಡೀ ದಿನ ಕೂತು ಹೊಲಿದವರು ಸಂಜೆ ಮೂಗು ಸೀನಿದರೆ ಕರ್ಚೀಫ್ ನೀಲಿಯಾಗುತ್ತದೆ. ಅಲ್ಲಿ ದುಡಿಯುವವರಿಗೆ ಇದು ಹೊಸದಲ್ಲ. ನನಗೂ ಅಲ್ಲ, ಯಾಕಂದ್ರೆ ಇಂಥ ಯೂನಿಟ್‌ಗಳಿಗೆ, ಹೋಟೆಲ್ ಅಡುಗೆಮನೆಗಳಿಗೆ, ಮನೆಗಳಿಗೆ ಎಕ್ಸಾಸ್ಟ್ ಫ್ಯಾನು, ಡಕ್ಟು ಕೂರಿಸುವುದೇ ನನ್ನ ಕಸುಬು. ನಾನೂ ಆ ಗಾಳಿಯಲ್ಲೇ ಏಣಿ ಹತ್ತಿ ನಿಂತಿರುತ್ತೇನೆ. ಚಾವಣಿ ಹತ್ತಿರ ನೀಲಿ ನೂಲಿನ ಜುಂಗು ಇನ್ನೂ ದಪ್ಪ. ಫ್ಯಾನಿನ ರೆಕ್ಕೆ ಮುಟ್ಟಿದರೆ ಬೆರಳಿಗೆ ಅರಿವೆಯ ಹಾಗೆ ಪದರವೇ ಕಿತ್ತು ಬರುತ್ತದೆ.

ಕರೆಸಿದವರು ಹೇಳುವುದು ಎಲ್ಲ ಕಡೆ ಒಂದೇ. "ಫ್ಯಾನ್ ಐತಿ ನೋಡ್ರಿ, ತಿರುಗ್ತಾನೂ ಐತಿ, ಆದ್ರೂ ಉಸಿರು ಕಟ್ಟಿದಂಗ ಆಗ್ತದ. ಇನ್ನೂ ದೊಡ್ಡದು ಹಾಕ್ರಿ." ನಾನು ಮೊದಲು ಫ್ಯಾನ್ ನೋಡುವುದಿಲ್ಲ, ಕಿಟಕಿ ನೋಡುತ್ತೇನೆ. ಬಹುತೇಕ ಕಡೆ ಅದು ಭದ್ರವಾಗಿ ಮುಚ್ಚಿರುತ್ತದೆ. ಅದಿರು ಲಾರಿಗಳ ಕೆಂಪು ಧೂಳು, ಬಿಸಿಲಿನ ಝಳ, ಸೊಳ್ಳೆ ಅಂತ ಕಾರಣ ನೂರು ಇರುತ್ತವೆ, ಒಂದೂ ಸುಳ್ಳಲ್ಲ. ಆದರೆ ಹೊರಗಿನಿಂದ ಗಾಳಿ ಬರಲು ದಾರಿಯೇ ಇಲ್ಲದಿದ್ದರೆ ಒಳಗಿನದು ಹೊರಗೆ ಹೋಗುವುದಾದರೂ ಹೇಗೆ? ಖಾಲಿ ಬಾಟಲಿಗೆ ಬಾಯಿಟ್ಟು ಹೀರಿ ನೋಡಿ, ಸ್ವಲ್ಪ ಬರುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಮುಚ್ಚಿದ ರೂಮಿನ ಫ್ಯಾನಿನ ಕತೆಯೂ ಅಷ್ಟೇ. ಮೋಟಾರು ಸದ್ದು ಮಾಡುತ್ತದೆ, ಕರೆಂಟು ತಿನ್ನುತ್ತದೆ, ಗಾಳಿ ಮಾತ್ರ ಕದಲುವುದಿಲ್ಲ.

ಪರೀಕ್ಷೆ ಮಾಡಲು ಮೀಟರ್ ಬೇಡ. ಫ್ಯಾನ್ ಹಾಕಿ, ಬಾಗಿಲು ಸ್ವಲ್ಪವೇ ತೆರೆದು ಆ ಸಂದಿಯಲ್ಲಿ ಒಂದು ಊದುಬತ್ತಿ ಹಿಡಿಯಿರಿ. ಹೊಗೆ ಜೋರಾಗಿ ಒಳಕ್ಕೆ ಎಳೆದುಕೊಂಡರೆ ರೂಮು ಗಾಳಿಗೆ ಬಾಯಿ ಬಿಡುತ್ತಿದೆ ಅಂತ ಅರ್ಥ. ಒಳಕ್ಕೆ ದಾರಿ ಮಾಡಿಕೊಡಬೇಕು, ಫ್ಯಾನ್ ಬದಲಿಸುವುದು ಆಮೇಲಿನ ಮಾತು. ಎಷ್ಟು ದೊಡ್ಡ ದಾರಿ ಅಂತ ಕೇಳುತ್ತಾರೆ. ಫ್ಯಾನ್ ಕೂರಿಸಿದ ತೂತಿನಷ್ಟಾದರೂ ಇರಬೇಕು, ಅದಕ್ಕೆ ಜಾಲರಿ ಹೊಡೆದರೆ ಎರಡರಷ್ಟು, ಯಾಕಂದ್ರೆ ಜಾಲರಿ ವಾರದಲ್ಲೇ ಕಟ್ಟಿಕೊಳ್ಳುತ್ತದೆ.

ದಾರಿ ಎಲ್ಲಿ ಅನ್ನುವುದೂ ಮುಖ್ಯ. ಕಿಟಕಿಯ ನೆತ್ತಿ ಮೇಲೇ ಫ್ಯಾನ್ ಕೂರಿಸಿದ ಅಡುಗೆಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಕಿಟಕಿಯಿಂದ ಬಂದ ಗಾಳಿ ಹಾಗೇ ಮೇಲಕ್ಕೆ ಹೋಗಿ ಹೊರಗೆ ಬೀಳುತ್ತದೆ, ಒಲೆ ಮೇಲಿನ ಹೊಗೆ ಇದ್ದಲ್ಲೇ ಇರುತ್ತದೆ. ಮೆಣಸಿನಕಾಯಿ ಒಗ್ಗರಣೆಯ ಘಾಟು ನಡುಮನೆಯಲ್ಲಿ ಕೂತ ಅಜ್ಜನಿಗೆ ಕೆಮ್ಮು ತರಿಸಿತು ಅಂದರೆ ನಿಮ್ಮ ಫ್ಯಾನ್ ಸುಮ್ನೆ ತಿರುಗುತ್ತಿದೆ. ಒಂದು ಗೋಡೆಯಲ್ಲಿ ಫ್ಯಾನ್, ಎದುರು ಗೋಡೆಯಲ್ಲಿ ಕೆಳಗೆ ದಾರಿ, ನಡುವೆ ಒಲೆ, ಹೀಗಿರಬೇಕು. ಪಶ್ಚಿಮದ ಗೋಡೆಗೆ ಫ್ಯಾನ್ ಹಾಕಿದವರಿಗೆ ಇನ್ನೊಂದು ಪಾಡು: ಆಷಾಢದ ಗಾಳಿ ಆ ಕಡೆಯಿಂದಲೇ ಬೀಸುತ್ತದೆ, ಸಣ್ಣ ಫ್ಯಾನ್ ಅದರೆದುರು ಸೋಲುತ್ತದೆ, ಹೊರಗಿನ ಶಟರ್ ತೆರೆಯುವುದೇ ಇಲ್ಲ.

ನಮ್ಮ ಹಳೇ ಮಾಳಿಗೆ ಮನೆಗಳಲ್ಲಿ ಒಲೆಯ ಮೇಲೆ ಬೆಳಕಿಂಡಿ ಇರುತ್ತಿತ್ತು. ಬಿಸಿ ಹೊಗೆ ತಾನಾಗಿ ಮೇಲೇರಿ ಹೋಗುತ್ತಿತ್ತು, ತಲೆಬಾಗಿಲಿನಿಂದ ಹೊಸ ಗಾಳಿ ಬರುತ್ತಿತ್ತು. ಹಾಗಂತ ಆ ಮನೆಗಳು ಸ್ವರ್ಗ ಏನಲ್ಲ, ಕಟ್ಟಿಗೆ ಒಲೆ ಮುಂದೆ ರೊಟ್ಟಿ ಬಡಿದ ಅಜ್ಜಿಯರ ಕಣ್ಣು, ಕೆಮ್ಮು ಕಂಡವರಿಗೆ ಅದು ಗೊತ್ತು. ಆದರೆ ಆರ್‌ಸಿಸಿ ಹಾಕಿದಾಗ ಆ ಬೆಳಕಿಂಡಿ ಮುಚ್ಚಿದೆವು, ಬದಲಿಗೆ ಏನೂ ಇಡಲಿಲ್ಲ.

ಇನ್ನು ಜೀನ್ಸ್ ಯೂನಿಟ್‌ಗೆ ಬರೋಣ. 1948ರ ಕಾರ್ಖಾನೆ ಕಾಯ್ದೆ ಹೊಸ ಕಾರ್ಖಾನೆಗಳಲ್ಲಿ ಒಬ್ಬ ಕೆಲಸಗಾರನಿಗೆ 14.2 ಘನ ಮೀಟರ್ ಜಾಗ ಕೊಡಬೇಕು ಅಂದಿತ್ತು, ನಮ್ಮ ಲೆಕ್ಕದಲ್ಲಿ ಸುಮಾರು 500 ಘನ ಅಡಿ. ಹತ್ತು ಹನ್ನೆರಡರ ರೂಮು, ಹತ್ತಡಿ ಎತ್ತರ ಅಂದರೆ 1200. ಇಬ್ಬರಿಗೆ ಸರಿ ಹೋಯಿತು. ಅಂಥ ರೂಮಿನಲ್ಲಿ ಆರು ಮಷಿನು, ಒಂದು ಇಸ್ತ್ರಿ ಟೇಬಲ್ಲು, ಮೂಲೆಯಲ್ಲಿ ಆಳೆತ್ತರದ ಪ್ಯಾಂಟಿನ ರಾಶಿ ನೀವೇ ನೋಡಿರುತ್ತೀರಿ. ಮನೆಯಲ್ಲೇ ನಡೆಯುವ ಸಣ್ಣ ಯೂನಿಟ್‌ಗಳಿಗೆ ಆ ಕಾಯ್ದೆ ಅನ್ವಯವೂ ಆಗುತ್ತಿರಲಿಲ್ಲ ಬಿಡಿ.

ಅಲ್ಲಿ ಜುಂಗು ಜಾಸ್ತಿ ಏಳುವುದು ಓವರ್‌ಲಾಕ್ ಮಷಿನ್‌ನಿಂದ, ಅದು ಅಂಚು ಕತ್ತರಿಸುತ್ತಲೇ ಹೊಲಿಯುತ್ತದಲ್ಲ. ಹಾಗಾಗಿ ಆ ಮಷಿನನ್ನು ಫ್ಯಾನಿನ ಪಕ್ಕಕ್ಕೆ ಸರಿಸಿ ಅಂತ ಮೊದಲು ಹೇಳುತ್ತೇನೆ. ಕಾಸು ಖರ್ಚಿಲ್ಲದ ಕೆಲಸ ಇದು. ಹಣ ಇದ್ದರೆ ಅಲ್ಲೇ ಒಂದು ಸಣ್ಣ ಸಕ್ಷನ್ ಪೈಪು. ಎರಡನೆಯದು, ಸಂಜೆ ಬ್ಲೋವರ್ ಹಿಡಿದು ಮಷಿನ್ ಊದುವುದನ್ನು ಬಿಡಿ. ಮಷಿನ್ ಸ್ವಚ್ಛ ಆಗುತ್ತದೆ, ಜುಂಗೆಲ್ಲ ಎದ್ದು ಮೂಗಿಗೆ ಹೋಗುತ್ತದೆ. ಒಣ ಪೊರಕೆಯದೂ ಅದೇ ಹಣೆಬರಹ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್‌ಗಳಂಥ ಕಡೆ ದುಡಿಯುವವರು ಒಂದು ಗಮನಿಸಿ: ರಜೆ ಮುಗಿಸಿ ಬಂದ ಮೊದಲ ದಿನವೇ ಎದೆ ಬಿಗಿದ ಹಾಗಾಗುತ್ತಿದ್ದರೆ ಸುಸ್ತು ಅಂತ ಬಿಡಬೇಡಿ. ಹತ್ತಿ ಧೂಳಿನಿಂದ ಬರುವ ಬಿಸ್ಸಿನೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಶುರುವಾಗುವುದು ಹಾಗೇ, ಎದೆ ಡಾಕ್ಟರಿಗೆ ತೋರಿಸಿ.

ಕೆಂಪು ಧೂಳಿನ ರಸ್ತೆಗೇ ಮುಖ ಮಾಡಿದ ಮನೆಗಳಿಗೆ ನಾನು ಎಕ್ಸಾಸ್ಟ್ ಬೇಡ ಅನ್ನುತ್ತೇನೆ. ಹೊರಗೆ ಎಳೆಯುವ ಫ್ಯಾನ್ ಹಾಕಿದರೆ ಸಂದುಗೊಂದಿನಿಂದೆಲ್ಲ ಧೂಳು ಒಳಗೆ ಬರುತ್ತದೆ. ಅಲ್ಲಿ ಫ್ಯಾನ್ ತಿರುಗಿಸಿ ಹಾಕಬೇಕು. ಹಿತ್ತಲ ಕಡೆಯಿಂದ, ತೊಳೆಯಲು ಬರುವ ಫಿಲ್ಟರ್ ಮೂಲಕ ಗಾಳಿಯನ್ನು ಒಳಕ್ಕೆ ತಳ್ಳಿದರೆ ಅದೇ ಸಂದುಗಳಿಂದ ಗಾಳಿ ಹೊರಕ್ಕೆ ಹೋಗುತ್ತದೆ, ಧೂಳು ಹೊರಗೇ ನಿಲ್ಲುತ್ತದೆ. ಅಡುಗೆ ಮಾಡುವ ಹೊತ್ತಿಗೆ ಮಾತ್ರ ಅಡುಗೆಮನೆಯ ಫ್ಯಾನು.

ಎಸಿ ಇದೆಯಲ್ಲ ಅನ್ನುವವರು ಜಾಸ್ತಿಯಾಗಿದ್ದಾರೆ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದೇ ಇಲ್ಲ, ಒಳಗಿನದನ್ನೇ ತಿರುಗಿಸಿ ತಂಪು ಮಾಡುತ್ತದೆ. ಹೊರಗೆ ಕಾರ್ಬನ್ ಡೈಆಕ್ಸೈಡ್ ಈಗ 420 ಪಿಪಿಎಂ ಮೇಲಿದೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲಿಗಿಂತ ಜಾಸ್ತಿ. ನಾಲ್ಕು ಜನ ಬಾಗಿಲು ಹಾಕಿ ಮಲಗಿದ ರೂಮಿನಲ್ಲಿ ಬೆಳಗಿನ ಜಾವಕ್ಕೆ ಅದು 2000 ದಾಟುವುದು ಸಾಮಾನ್ಯ. ಒಳ್ಳೇ ರೂಮಿನಲ್ಲಿ 1000 ದಾಟಬಾರದು ಅಂತ ಜರ್ಮನಿಯ ಆರೋಗ್ಯ ವಿಜ್ಞಾನಿ ಪೆಟೆನ್‌ಕೋಫರ್ 1858ರಲ್ಲೇ ಹೇಳಿದ್ದ, ಎಸಿ ಹುಟ್ಟುವ ಎಷ್ಟೋ ಮೊದಲು. ಎದ್ದಾಗ ತಲೆ ಭಾರ ಅನ್ನುವವರು ಒಂದು ವಾರ ಕಿಟಕಿಯನ್ನು ಎರಡು ಬೆರಳಷ್ಟು ತೆರೆದು ಮಲಗಿ ನೋಡಿ. ಅದರ ಮೇಲೆ ಸೊಳ್ಳೆಬತ್ತಿ ಬೇರೆ! ಒಂದು ಸುರುಳಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನದಕ್ಕೆ ಸಮ ಅಂತ ಅಳೆದವರಿದ್ದಾರೆ. ಪರದೆ ಕಟ್ಟಿ, ಅಲ್ವಾ? ಕೂಲರ್ ಇದ್ದವರು ಅದನ್ನು ಕಿಟಕಿಗೆ ಇಡಿ, ಎದುರಿನ ಕಿಟಕಿ ತೆರೆಯಿರಿ. ಮುಚ್ಚಿದ ರೂಮಿನ ನಡುವೆ ಇಟ್ಟರೆ ತಂಪೂ ಇಲ್ಲ, ಬರೀ ಜಿಗಿಜಿಗಿ.

ಬಚ್ಚಲಿನ ಮಾತು ತಮಾಷೆಯಲ್ಲ. ಜೋರಾದ ಎಕ್ಸಾಸ್ಟ್ ಹಾಕಿ ಬಾಗಿಲು ಬಿಗಿ ಮಾಡಿದರೆ, ನಹನಿ ಟ್ರಾಪ್‌ನಲ್ಲಿ (ಬಚ್ಚಲ ನೀರು ಹೋಗುವ ತೂತಿನ ಕೆಳಗೆ ನೀರು ನಿಂತು ಗಟಾರದ ವಾಸನೆ ತಡೆಯುವ ಬಟ್ಟಲು) ನೀರು ಒಣಗಿದ್ದಾಗ ಅದು ಗಟಾರದ ಗಾಳಿಯನ್ನೇ ಎಳೆಯುತ್ತದೆ. "ಫ್ಯಾನ್ ಹಾಕಿದ ಮೇಲೇ ವಾಸನೆ ಬಂತು" ಅನ್ನುವ ದೂರಿಗೆ ಹೆಚ್ಚಾಗಿ ಇದೇ ಕಾರಣ. ಆದರೆ ಗ್ಯಾಸ್ ಗೀಸರ್ ಒಳಗಿದ್ದರೆ ಜೀವಕ್ಕೇ ಕುತ್ತು. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಬಿದ್ದಿರುತ್ತಾರೆ. ಅಂಥ ಬಚ್ಚಲಿಗೆ ಫ್ಯಾನ್ ಕೂರಿಸಿಕೊಡಿ ಅಂದರೆ ನಾನು ಕೂರಿಸುವುದಿಲ್ಲ. ಮೊದಲು ಗೀಸರ್ ಹೊರಗಿನ ಗೋಡೆಗೆ ಹೋಗಲಿ.

ಬಾಡಿಗೆ ಮನೆಯವರು ಗೋಡೆ ಒಡೆಯುವ ಹಾಗಿಲ್ಲ, ನಿಜ. ಕಿಟಕಿಯ ಒಂದು ಗಾಜು ತೆಗೆದು ಪ್ಲೈವುಡ್ ಹಲಗೆಗೆ ಫ್ಯಾನ್ ಕೂರಿಸಬಹುದು, ಮನೆ ಬಿಡುವಾಗ ಗಾಜು ವಾಪಸ್ ಹಾಕಿದರಾಯಿತು. ಒಳಗಿನ ಬಾಗಿಲಿನ ಕೆಳಗೆ ಒಂದು ಇಂಚು ಕೊಯ್ಯಲು ಓನರ್‌ನ ಒಂದು ಮಾತು ಕೇಳಿ, ಬಡಗಿಗೆ ಅದು ಅರ್ಧ ಗಂಟೆಯ ಕೆಲಸ. ಜಿರಳೆ ಬರುತ್ತವೆ ಅಂತ ಅಲ್ಲಿಗೆ ರಬ್ಬರ್ ಪಟ್ಟಿ ಅಂಟಿಸಬೇಡಿ, ಮತ್ತೆ ಸಂದು ಮುಚ್ಚಿಬಿಡುತ್ತದೆ. ಸ್ಟೀಲ್ ಜಾಲರಿ ಹೊಡೆಸಿ, ಹಳೇ ಟೂತ್‌ಬ್ರಷ್‌ನಿಂದ ಆಗಾಗ ಉಜ್ಜಿ.