‘ಯಾವ ಅಧ್ಯಯನವೂ ನಡೆದಿಲ್ಲ’ ಎಂದು ಬರೆಯುವ ಮುನ್ನ

ಎಂ.ಎ., ಎಂ.ಎಸ್ಸಿ. ಕಿರುಪ್ರಬಂಧಗಳಲ್ಲಿ, ಪಿಎಚ್.ಡಿ. ಸಾರಲೇಖಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಈ ವಿಷಯವನ್ನು ಕುರಿತು ಇದುವರೆಗೆ ಯಾವುದೇ ಅಧ್ಯಯನ ನಡೆದಿಲ್ಲ.’ ಬರೆದ ಮಕ್ಕಳು ಸುಳ್ಳು ಹೇಳುತ್ತಿಲ್ಲ. ಹುಡುಕಿದ್ದಾರೆ, ಸಿಕ್ಕಿಲ್ಲ. ಆದರೆ ಹೇಗೆ ಹುಡುಕಿದಿರಿ ಎಂದು ಕೇಳಿದರೆ, ಪ್ರಬಂಧದ ಶೀರ್ಷಿಕೆಯನ್ನೇ ಇಡಿಯಾಗಿ ಗೂಗಲ್‌ಗೆ ಹಾಕಿ ಮೊದಲ ಪುಟ ನೋಡಿ ಎದ್ದುಬಂದಿರುತ್ತಾರೆ. ‘ಏನೂ ಇಲ್ಲ ಸಾರ್’ ಅನ್ನುತ್ತಾರೆ. ಅವರಿಗೆ ಸಿಗಲಿಲ್ಲ ಎಂಬುದಷ್ಟೇ ನಿಜ. ಇಲ್ಲ ಎಂಬುದು ಬೇರೆಯೇ ಮಾತು, ಅದಕ್ಕೆ ಬೇರೆಯೇ ಪುರಾವೆ ಬೇಕು.

ಗ್ರಂಥಾಲಯದ ಸೂಚಿಯಾಗಲಿ ಸಂಶೋಧನ ಪತ್ರಿಕೆಗಳ ಕೋಶವಾಗಲಿ ಬಹುಮಟ್ಟಿಗೆ ನೋಡುವುದು ಅಕ್ಷರಗಳನ್ನು, ವಿಷಯವನ್ನಲ್ಲ. ನೀವು ಕೊಟ್ಟ ಪದ ಆ ದಾಖಲೆಯಲ್ಲಿದ್ದರೆ ತೋರಿಸುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಗೂಗಲ್ ಸಮಾನಾರ್ಥಕಗಳನ್ನು ಸ್ವಲ್ಪ ಊಹಿಸುತ್ತದೆ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ.

ಮಂಡ್ಯ ಕಡೆಯ ವಿದ್ಯಾರ್ಥಿನಿಯೊಬ್ಬಳು ಆಲೆಮನೆ ಬೆಲ್ಲದ ಗುಣಮಟ್ಟದ ಮೇಲೆ ಕೆಲಸ ಮಾಡುತ್ತಾಳೆ ಎಂದುಕೊಳ್ಳಿ. ಇಂಗ್ಲಿಷಿನಲ್ಲಿ ‘ಜಾಗರಿ’ ಎಂದಷ್ಟೇ ಹಾಕಿದರೆ ಹೆಚ್ಚಾಗಿ ನಮ್ಮ ದೇಶದ ಲೇಖನಗಳು ಬರುತ್ತವೆ, ಅವೂ ಪೂರ್ತಿಯಾಗಿ ಬರುವುದಿಲ್ಲ; ಉತ್ತರ ಭಾರತದವರು ‘ಗುರ್’ ಎಂದು ಬರೆದಿರುತ್ತಾರೆ. ಕೊಲಂಬಿಯಾದಲ್ಲಿ ಅದು ‘ಪನೇಲಾ’, ಬ್ರೆಜಿಲಿನಲ್ಲಿ ‘ರಪದುರಾ’, ಜಪಾನಿನಲ್ಲಿ ‘ಕೊಕುಟೊ’. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಅಂಶಗಳಲ್ಲಿ ‘ನಾನ್ ಸೆಂಟ್ರಿಫ್ಯೂಗಲ್ ಶುಗರ್’, ಅಂದರೆ ಯಂತ್ರದಲ್ಲಿ ಜೋರಾಗಿ ತಿರುಗಿಸಿ ಕಾಕಂಬಿಯನ್ನು ಬೇರೆ ಮಾಡದ ಸಕ್ಕರೆ. ಇದು ಬರೀ ಹೆಸರಿನ ಮಾತಲ್ಲ. ಕಬ್ಬಿನ ಹಾಲು ಕಾಯುವಾಗ ಕಶ್ಮಲ ಮೇಲೆ ಬರಲೆಂದು ನಮ್ಮ ಆಲೆಮನೆಗಳಲ್ಲಿ ಬೆಂಡೆ ಗಿಡದ ಲೋಳೆ ಹಾಕುವ ರೂಢಿ ಇದೆಯಲ್ಲ, ಕೊಲಂಬಿಯಾದವರೂ ತಮ್ಮ ಕೆಲವು ಮರಗಿಡಗಳ ಲೋಳೆಯನ್ನು ಇದೇ ಕೆಲಸಕ್ಕೆ ಬಳಸುತ್ತಾರೆ. ಅದರ ಅಧ್ಯಯನಗಳೂ ಇವೆ, ‘ಪನೇಲಾ’ ಹೆಸರಿನಡಿ. ಆ ಪದ ಗೊತ್ತಿಲ್ಲದವಳು ‘ಸಸ್ಯದ ಲೋಳೆಯ ಬಗ್ಗೆ ಯಾರೂ ಕೆಲಸ ಮಾಡಿಲ್ಲ’ ಎಂದು ಬರೆದುಬಿಡುತ್ತಾಳೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಹಿಡಿಯುವುದು ಇಂಥದ್ದನ್ನೇ.

ಆದ್ದರಿಂದ ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಪ್ರಶ್ನೆಯನ್ನು ಎರಡು ಮೂರು ಸಂಗತಿಗಳಾಗಿ ಒಡೆಯಿರಿ: ಬೆಲ್ಲ, ಕಬ್ಬಿನ ಹಾಲು ತಿಳಿಗೊಳಿಸುವುದು, ಸಸ್ಯದ ಲೋಳೆ. ಪ್ರತಿಯೊಂದರ ಕೆಳಗೆ ಕನಿಷ್ಠ ನಾಲ್ಕೈದು ಬೇರೆ ಹೆಸರು ಬರೆಯಿರಿ. ಒಂದು ಕಂಬದೊಳಗಿನ ಹೆಸರುಗಳ ನಡುವೆ ಇಂಗ್ಲಿಷಿನ ‘ಆರ್’ (OR) ಹಾಕಿ ಆವರಣದೊಳಗೆ ಕಟ್ಟಿ, ಒಂದು ಕಂಬಕ್ಕೂ ಇನ್ನೊಂದಕ್ಕೂ ನಡುವೆ ‘ಆಂಡ್’ (AND) ಹಾಕಿ. ಇವೆರಡೂ ದೊಡ್ಡಕ್ಷರದಲ್ಲಿರಲಿ. ಎರಡು ಮೂರು ಪದ ಸೇರಿ ಒಂದು ಹೆಸರಾಗಿದ್ದರೆ ಅದಕ್ಕೆ ಮಾತ್ರ ಉದ್ಧರಣ ಚಿಹ್ನೆ. ಎಡವಟ್ಟಾಗುವ ಜಾಗಗಳು ಮೂರು. ಸಮಾನಾರ್ಥಕಗಳ ನಡುವೆ ‘ಆಂಡ್’ ಹಾಕಿದರೆ ಎಲ್ಲ ಹೆಸರೂ ಒಟ್ಟಿಗೆ ಇರುವ ಲೇಖನವನ್ನೇ ಹುಡುಕುತ್ತದೆ, ಸೊನ್ನೆ ಬರುತ್ತದೆ. ಆವರಣ ಮರೆತರೆ ಸಾವಿರಗಟ್ಟಲೆ ಕಸ ಬರುತ್ತದೆ. ಇಡೀ ಶೀರ್ಷಿಕೆಗೆ ಉದ್ಧರಣ ಚಿಹ್ನೆ ಹಾಕಿದರೆ, ಅದೇ ಶೀರ್ಷಿಕೆಯಲ್ಲಿ ಬೇರೊಬ್ಬರು ಬರೆದಿದ್ದರಷ್ಟೇ ಸಿಕ್ಕೀತು. ಒಂದು ಒಳ್ಳೆಯ ಲೇಖನ ಸಿಕ್ಕ ಮೇಲೆ ಅದರ ಆಕರಪಟ್ಟಿಯನ್ನು ನೋಡಿ, ಗೂಗಲ್ ಸ್ಕಾಲರ್‌ನಲ್ಲಿ ಅದರ ಕೆಳಗಿರುವ ‘ಸೈಟೆಡ್ ಬೈ’ ಒತ್ತಿ, ಅದನ್ನು ಉಲ್ಲೇಖಿಸಿದ ಲೇಖನಗಳು ಬರುತ್ತವೆ. ಹಿಂದಿನವರೂ ಸಿಗುತ್ತಾರೆ, ಮುಂದಿನವರೂ ಸಿಗುತ್ತಾರೆ.

ಚರಿತ್ರೆ, ಅರ್ಥಶಾಸ್ತ್ರದ ಮಕ್ಕಳಿಗೆ ಊರಿನ ಹೆಸರೇ ಅಡ್ಡಿ. ‘1931ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಅಂಕಿಅಂಶ ಇಲ್ಲ’ ಎನ್ನುತ್ತಾರೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಮೊದಲಿನದು ಮೈಸೂರು ಜಿಲ್ಲೆಯ ಕೆಳಗೆ, ತಾಲ್ಲೂಕಿನ ಪಟ್ಟಿಗಳಲ್ಲಿ ಇರುತ್ತದೆ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಪಾಂಡವಪುರ ಸಿಗದಿದ್ದರೆ ‘ಫ್ರೆಂಚ್ ರಾಕ್ಸ್’, ಶ್ರೀರಂಗಪಟ್ಟಣಕ್ಕೆ ‘ಸೆರಿಂಗಪಟಮ್’, ಕೆ.ಆರ್. ಪೇಟೆಗೆ ‘ಅತ್ತಿಕುಪ್ಪೆ’, ವಿಶ್ವೇಶ್ವರಯ್ಯ ನಾಲೆಗೆ ‘ಇರ್ವಿನ್ ಕಾಲುವೆ’ ಎಂದು ನೋಡಬೇಕು. ಇಂಗ್ಲಿಷಿನಲ್ಲಿ ‘ಮೈಸೂರು’ ಎಂಬ ಕಾಗುಣಿತ ಅಧಿಕೃತವಾದದ್ದು 2014ರ ನವೆಂಬರ್ 1ರಿಂದ, ಅದಕ್ಕೆ ಹಿಂದಿನದೆಲ್ಲ ‘ಮೈಸೋರ್’. ಆ ‘ಮೈಸೋರ್’ ಕೂಡ 1973ಕ್ಕಿಂತ ಹಿಂದೆ ನಗರವೋ ಜಿಲ್ಲೆಯೋ ಇಡೀ ರಾಜ್ಯವೋ ಎಂದು ಪ್ರತಿ ಸಲ ನೋಡಿಕೊಳ್ಳಬೇಕು. ರಾಜ್ಯದ ಅಂಕಿಯನ್ನು ಜಿಲ್ಲೆಗೆ ಹಾಕಿಕೊಂಡರೆ ಇಡೀ ಅಧ್ಯಾಯ ಕೆಡುತ್ತದೆ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ತೊಡಕು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರ ಸಂಕೇತ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಅಕ್ಷರಗಳಲ್ಲಿ ಮಾಡಿದ ಪಿಡಿಎಫ್‌ಗಳು ನೋಡಲು ಕನ್ನಡವೇ, ಕಂಪ್ಯೂಟರಿಗೆ ಮಾತ್ರ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಅಕ್ಷರ ಕೆಟ್ಟು ಬಂದರೆ ಆ ಕಡತದೊಳಗೆ ಕನ್ನಡ ಪದ ಹಾಕಿ ಹುಡುಕುವುದು ವ್ಯರ್ಥ. ಪರಿವಿಡಿ ತೆರೆದು ಕಣ್ಣಿನಿಂದಲೇ ಓದಬೇಕು. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಿಗೂ ಬಹಳ ಸಲ ಇದೇ ಪಾಡು. ಗ್ರಂಥಾಲಯದ ಸೂಚಿಯಲ್ಲೂ ಕನ್ನಡ ಶೀರ್ಷಿಕೆಗಳನ್ನು ಕೆಲವು ಕಡೆ ಕನ್ನಡದಲ್ಲಿ, ಕೆಲವು ಕಡೆ ಇಂಗ್ಲಿಷ್ ಅಕ್ಷರದಲ್ಲಿ ದಾಖಲಿಸಿರುತ್ತಾರೆ. ‘ಜಾನಪದ’ಕ್ಕೆ ಒಂದು ‘ಎ’ ಹಾಕಿದವರಿದ್ದಾರೆ, ಎರಡು ಹಾಕಿದವರಿದ್ದಾರೆ. ಕೋಹಾದಂಥ ಗ್ರಂಥಾಲಯ ಸೂಚಿಯ ತಂತ್ರಾಂಶದಲ್ಲಿ ಪದದ ಮೊದಲ ಕೆಲವು ಅಕ್ಷರ ಬರೆದು ನಕ್ಷತ್ರ ಚಿಹ್ನೆ ಹಾಕಿ, ಎರಡು ಬಗೆಯ ಕಾಗುಣಿತದಲ್ಲೂ ನೋಡಿ. ‘ಸರ್ಕಾರ’, ‘ಸರಕಾರ’ ಎರಡನ್ನೂ ಕೊಡಿ. ‘ನಾಲೆ’ಯ ಜೊತೆಗೆ ‘ಕಾಲುವೆ’ಯನ್ನೂ ಕೊಡಿ.

ಕಪಾಟಿನ ಮುಂದೆ ನಿಂತಾಗಲೂ ಹಾಗೆಯೇ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕಬ್ಬಿನ ಬೇಸಾಯ 633.61ರಲ್ಲಿ, ಸಕ್ಕರೆ ತಯಾರಿಕೆ 664.1ರಲ್ಲಿ, ಅದರ ಆರ್ಥಿಕ ವಿಚಾರ 338ರಲ್ಲಿ. ನೀರಾವರಿಯೂ ಹಾಗೆ ಚದುರಿದೆ: ಎಂಜಿನಿಯರಿಂಗ್ ಕಡೆಯದು 627ರಲ್ಲಿ, ಬೇಸಾಯದ ಕಡೆಯದು 631ರಲ್ಲಿ, ನೀರಿನ ಹಂಚಿಕೆಯದು 333ರಲ್ಲಿ. ಒಂದು ಕಪಾಟು ನೋಡಿ ಹೊರಟವರು ಉಳಿದೆರಡನ್ನು ಬಿಟ್ಟಂತೆ.

‘ದುಡ್ಡು ಕೇಳ್ತಿದೆ ಸಾರ್, ಸಿಗಲ್ಲ’ ಎಂಬುದೂ ಸಿಗದ ಲೆಕ್ಕಕ್ಕೆ ಸೇರುತ್ತಿದೆ. 2025ರ ಜನವರಿ 1ರಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ನಿಮ್ಮ ಕಾಲೇಜು ಅದರಲ್ಲಿದೆಯೇ, ಮನೆಯಿಂದ ತೆರೆಯಲು ಏನು ಮಾಡಬೇಕು ಎಂದು ಗ್ರಂಥಪಾಲಕರನ್ನು ಕೇಳಿ. ಪ್ರಬಂಧಗಳಿಗೆ, ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಇಟ್ಟಿರುವ ಜಾಲತಾಣ ಶೋಧಗಂಗಾ ಎಲ್ಲರಿಗೂ ಮುಕ್ತ.

ಚಾಟ್‌ಜಿಪಿಟಿಯಂಥವನ್ನು ಬೇಡ ಎನ್ನುವುದಿಲ್ಲ. ಒಂದು ವಸ್ತುವಿಗೆ ಬೇರೆ ಬೇರೆ ದೇಶಗಳಲ್ಲಿ ಏನೇನು ಹೆಸರು ಎಂದು ಕೇಳಲು ಅದು ಒಳ್ಳೆಯ ಜಾಗ. ಆಕರಪಟ್ಟಿ ಕೇಳಿದರೆ ಮಾತ್ರ ಇಲ್ಲದ ಲೇಖನಗಳನ್ನೂ ಇದ್ದಂತೆ ಕೊಡಬಲ್ಲದು. ಲೇಖನವನ್ನು ಅಂತರಜಾಲದಲ್ಲಿ ಗುರುತಿಸಲು ಕೊಡುವ ಡಿಒಐ ಸಂಖ್ಯೆಯನ್ನು doi.orgನಲ್ಲಿ ಹಾಕಿ ನೋಡಿ, ಅದೇ ಲೇಖನ ತೆರೆಯಬೇಕು. ಸಂಖ್ಯೆ ಇಲ್ಲದಿದ್ದರೆ ಪತ್ರಿಕೆಯ ಆ ಸಂಪುಟದ ಪರಿವಿಡಿಯಲ್ಲಿ, ಅದೇ ಪುಟದಲ್ಲಿ ಲೇಖನ ಇರಬೇಕು. ಇಲ್ಲದಿದ್ದರೆ ಪಟ್ಟಿಯಿಂದ ತೆಗೆಯಿರಿ.

ಪ್ರೌಢಶಾಲೆಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ‘ಪರಿಸರ ಮಾಲಿನ್ಯ’ ಎಂದು ಪ್ರಾಜೆಕ್ಟ್ ಕೊಟ್ಟರೆ ಮಕ್ಕಳು ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತರುತ್ತಾರೆ, ಅದರಲ್ಲಿ ಅವರ ತಪ್ಪೇನಿಲ್ಲ. ‘ನಮ್ಮೂರ ಕೆರೆಯ ಬಗ್ಗೆ ಎರಡು ಪುಸ್ತಕದಲ್ಲಿ ಏನಿದೆ, ಯಾವ ಪುಟದಲ್ಲಿ?’ ಎಂದು ಕೇಳಿ. ಪುಸ್ತಕದ ಕೊನೆಯ ಪದಸೂಚಿಯನ್ನು ಬಳಸುವುದನ್ನು ಒಂದು ಪೀರಿಯಡ್ ಕೂರಿಸಿ ಹೇಳಿಕೊಡಿ. ಶಾಲೆಯ ಪುಸ್ತಕದ ಬೀರುವಿನ ಬೀಗದ ಕೈ ಮಕ್ಕಳಿಗೆ ಸಿಗುವ ಕಡೆ ಇರಲಿ.

ಎಷ್ಟು ಹುಡುಕಿದರೂ ನಿಜವಾಗಿ ಏನೂ ಇಲ್ಲದ ವಿಷಯಗಳೂ ಇವೆ. ಹಾಗೆ ಹೇಳಲು ದಾಖಲೆ ಬೇಕು. ನೋಟ್‌ಬುಕ್ಕಿನಲ್ಲಿ ನಾಲ್ಕು ಕಂಬ ಎಳೆಯಿರಿ: ದಿನಾಂಕ, ಹುಡುಕಿದ ಜಾಗ, ಹಾಕಿದ ಪದಗಳು ಇದ್ದ ಹಾಗೇ, ಬಂದ ಫಲಿತಾಂಶಗಳ ಸಂಖ್ಯೆ. ಆಮೇಲೆ ಪ್ರಬಂಧದಲ್ಲಿ ‘ಯಾವ ಅಧ್ಯಯನವೂ ನಡೆದಿಲ್ಲ’ ಎನ್ನುವ ಬದಲು ‘ಶೋಧಗಂಗಾ ಮತ್ತು ಇಂತಿಂಥ ಕೋಶಗಳಲ್ಲಿ, ಈ ಪದಗಳಿಂದ, ಈ ದಿನಾಂಕದವರೆಗೆ ಹುಡುಕಿದಾಗ ನೇರ ಸಂಬಂಧದ ಅಧ್ಯಯನ ಕಂಡುಬರಲಿಲ್ಲ’ ಎಂದು ಬರೆಯಿರಿ. ನಿಮ್ಮ ಮಾರ್ಗದರ್ಶಕರ ವಿಭಾಗದಲ್ಲಿ ಬೇರೆ ಪದ್ಧತಿ ಇದ್ದರೆ ಅವರನ್ನು ಕೇಳಿಕೊಂಡು ಮಾಡಿ. ಆ ನೋಟ್‌ಬುಕ್ ಹಿಡಿದು ಗ್ರಂಥಪಾಲಕರ ಮೇಜಿಗೆ ಬನ್ನಿ. ಏನು ಹಾಕಿ ನೋಡಿದ್ದೀರಿ ಎಂಬುದು ಕಣ್ಣಮುಂದಿದ್ದರೆ, ಬಿಟ್ಟುಹೋದ ಪದ ಯಾವುದೆಂದು ಬೇಗ ಹೇಳಬಹುದು.