ಹತ್ತು ವರ್ಷ ಓಡಿದವರಿಗೂ ಟ್ರೇನರ್ ಬೇಕಾ?

"ನಂಗ್ಯಾಕೆ ಸಾರ್ ಪರ್ಸನಲ್ ಟ್ರೇನರ್? ಹತ್ತು ವರ್ಷದಿಂದ ಓಡ್ತಾ ಇದೀನಲ್ಲ." ಕಬ್ಬನ್ ಪಾರ್ಕಿನಲ್ಲಿ ಓಡುವವರಿಂದ ಈ ಮಾತು ಆಗಾಗ ಕೇಳಿಬರುತ್ತದೆ. ಅರ್ಧ ನಿಜವೇ. ವಾರ್ಮ್ ಅಪ್ ಹೇಗೆ ಮಾಡಬೇಕು, ರೇಸಿನ ಹಿಂದಿನ ದಿನ ಏನು ತಿನ್ನಬೇಕು ಅನ್ನೋದನ್ನು ಇವರಿಗೆ ಹೇಳಿಕೊಡಬೇಕಾಗಿಲ್ಲ. ಪಕ್ಕದಲ್ಲಿ ನಿಂತು "ಇನ್ನೊಂದು, ಇನ್ನೊಂದು" ಅಂತ ಎಣಿಸುವುದಕ್ಕೆ ದುಡ್ಡು ಕೊಟ್ಟರೆ ಅದು ದಂಡವೇ.

ಆದರೆ ನೀರಜ್ ಚೋಪ್ರಾ ಅವರನ್ನು ನೋಡಿ. ಒಲಿಂಪಿಕ್ಸ್ ಚಿನ್ನ, ವಿಶ್ವ ಚಾಂಪಿಯನ್ ಪಟ್ಟ, ಪ್ಯಾರಿಸ್‌ನಲ್ಲಿ ಬೆಳ್ಳಿ. ಇಷ್ಟೆಲ್ಲ ಆದ ಮೇಲೆ, 2024ರ ಕೊನೆಯಲ್ಲಿ, ಯಾನ್ ಝೆಲೆಜ್ನಿ ಅವರನ್ನು ಕೋಚ್ ಮಾಡಿಕೊಂಡರು. 1996ರಲ್ಲಿ ಜಾವೆಲಿನ್ 98.48 ಮೀಟರ್ ಎಸೆದು ವಿಶ್ವದಾಖಲೆ ಬರೆದವರು ಝೆಲೆಜ್ನಿ. 2025ರ ಮೇನಲ್ಲಿ ದೋಹಾದಲ್ಲಿ ನೀರಜ್ ಮೊದಲ ಸಲ 90 ಮೀಟರ್ ದಾಟಿ 90.23 ಎಸೆದರು. ಎಲ್ಲ ಕೋಚ್ ಮಹಿಮೆ ಅಂತ ನಾನು ಹೇಳಲ್ಲ. ಅದೇ ವರ್ಷದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರು ಎಂಟನೆಯವರಾದರು. ಆದರೂ ಅಷ್ಟು ಮೇಲೆ ಹೋದವರಿಗೂ ತಮ್ಮ ಎಸೆತವನ್ನು ಹೊರಗೆ ನಿಂತು ನೋಡುವ ಒಂದು ಕಣ್ಣು ಬೇಕಾಯಿತು, ಅಲ್ವಾ?

ಹೊಸದಾಗಿ ಶುರು ಮಾಡಿದವರಿಗೆ ಏನು ಮಾಡಿಸಿದರೂ ಸುಧಾರಣೆ ಕಾಣುತ್ತದೆ. ಹಳಬರ ಕಥೆ ಬೇರೆ. ಅವರ ದೇಹ ಕಳ್ಳಾಟ ಕಲಿತಿರುತ್ತದೆ. ಎಂದೋ ಎಡ ಪಾದ ಉಳುಕಿರುತ್ತದೆ, ನೋವು ಹೋಗಿರುತ್ತದೆ, ಶಕ್ತಿ ಮಾತ್ರ ಪೂರ್ತಿ ವಾಪಸ್ ಬಂದಿರುವುದಿಲ್ಲ. ಬರಿಗಾಲಲ್ಲಿ ಗೋಡೆಗೆ ಬೆರಳು ತಾಗಿಸಿ, ಒಂದೇ ಕಾಲಲ್ಲಿ ಹಿಮ್ಮಡಿ ಎತ್ತಿಸುತ್ತೇನೆ. ಬಲಗಾಲಲ್ಲಿ ಇಪ್ಪತ್ತೈದು ಸಲೀಸು. ಎಡಗಾಲಲ್ಲಿ ಹತ್ತಾಗುವಷ್ಟರಲ್ಲಿ ಮಂಡಿ ಸ್ವಲ್ಪ ಬಗ್ಗುತ್ತದೆ, ಹಿಮ್ಮಡಿ ಮೊದಲಿನಷ್ಟು ಏಳಲ್ಲ, ಗೋಡೆಯ ಮೇಲಿದ್ದ ಬೆರಳು ಅಂಗೈ ಆಗಿರುತ್ತದೆ. ಮಾಡುವವರಿಗೆ ಗೊತ್ತೇ ಆಗಲ್ಲ. "ಎರಡೂ ಒಂದೇ ಥರ ಇತ್ತಲ್ಲ ಸಾರ್" ಅನ್ನುತ್ತಾರೆ. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು, ಎರಡೂವರೆ ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಮೀನಖಂಡ ತನ್ನ ಪಾಲಿನದನ್ನು ಹೊರದಿದ್ದರೆ ಮಂಡಿಯೋ ಸೊಂಟವೋ ಹೊರಬೇಕಾಗುತ್ತದೆ. ನೋವು ಅಂತ ಬರುವುದು ಮಂಡಿಗೆ. ಆಮೇಲೆ ಮಂಡಿಗೆ ಪಟ್ಟಿ ಸುತ್ತಿಕೊಂಡು ಓಡುತ್ತಾರೆ!

ಟ್ರೇನರ್‌ನ ಇನ್ನೊಂದು ಕೆಲಸ ಸುಮ್ನೆ "ಬೇಡ" ಅನ್ನುವುದು. ಅನುಭವಿಗಳಲ್ಲಿ ಸೋಮಾರಿಗಳು ಕಮ್ಮಿ. ನಿಧಾನವಾಗಿ ಓಡಬೇಕಾದ ದಿನವೂ ಗುಂಪಿನ ಜೊತೆ ಜೋರಾಗಿ ಓಡುತ್ತಾರೆ, ಯಾಕೆಂದರೆ ಓಟದ ಲೆಕ್ಕ ಇಡುವ ಆ್ಯಪ್‌ನಲ್ಲಿ ಸ್ನೇಹಿತರು ನೋಡುತ್ತಾರೆ. ನಿಧಾನದ ಓಟ ಅಂದರೆ ಏದುಸಿರಿಲ್ಲದೆ ಪೂರ್ತಿ ವಾಕ್ಯ ಮಾತಾಡುವಂತಿರಬೇಕು. ಅಷ್ಟು ಮೆಲ್ಲಗೆ ಓಡಿದರೆ ಅವರಿಗೆ ಅವಮಾನ. ಹೀಗಾಗಿ ಜೋರಾಗಿ ಓಡಬೇಕಾದ ದಿನ ಕಾಲು ಏಳಲ್ಲ, ವರ್ಷಗಟ್ಟಲೆ ಟೈಮಿಂಗ್ ಅಲ್ಲೇ ನಿಂತಿರುತ್ತದೆ. ಇದು ಅವರಿಗೂ ಗೊತ್ತಿರುವ ವಿಷಯವೇ. ಆದರೂ ಎದುರು ಕೂತು "ಈ ವಾರ ಅರ್ಧ ಸಾಕು" ಅಂತ ಇನ್ನೊಬ್ಬರು ಹೇಳಬೇಕು.

ಇದಕ್ಕೆ ದಿನಾ ಟ್ರೇನರ್ ಬೇಕಾಗಿಲ್ಲ. ಶುರುವಿನಲ್ಲಿ ಕೆಲವು ಸೆಷನ್, ಆಮೇಲೆ ತಿಂಗಳಿಗೊಮ್ಮೆ ನೋಡಿಸಿಕೊಂಡರೆ ಬಹಳ ಜನಕ್ಕೆ ಸಾಕು. ಹಳೇ ಗಾಯಗಳ ಬಗ್ಗೆ ಒಂದು ಮಾತೂ ಕೇಳದೆ ಚಾರ್ಟ್ ಕೈಗಿಡುವವರ ಹತ್ತಿರ ಹೋಗಬೇಡಿ. ಹೋಗುವಾಗ ಸವೆದ ಶೂ ತೆಗೆದುಕೊಂಡು ಹೋಗಿ. ಕಳೆದ ಮೂರು ತಿಂಗಳ ಓಟದ ಲೆಕ್ಕವೂ ಇರಲಿ. ರೇಸಿನ ಕೊನೆಯ ಕಿಲೋಮೀಟರಿನಲ್ಲಿ ತೆಗೆದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಸುಸ್ತಾದಾಗ ನೀವು ಹೇಗೆ ಓಡುತ್ತೀರಿ ಅನ್ನೋದು ಟ್ರೇನರ್‌ಗೆ ಅಲ್ಲೇ ಕಾಣುತ್ತದೆ.